ದಾಸಯ್ಯನ ಶಂಖಕ್ಕೆ ನಾನು ಕೊಟ್ಟ ಸರ್ಟಿಫಿಕೇಟು

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮೊನ್ನೆ ಬೇಗೂರಿನ ನಮ್ಮ ಮನೆಗೆ ಬಂದಿದ್ದಳು. ನನ್ನದೇ ಹಳೆಯ ಶಿಷ್ಯೆ, ಈಗ ನನ್ನ ಹಾಗೇ ಪಿಯು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್. "ಮೇಡಂ, ಒಂದೆರಡು ಸಲಹೆ ಕೊಡಿ" ಎಂದಳು. "ನಿನಗೆ ಚೆನ್ನಾಗಿ ಗೊತ್ತಿರುವುದನ್ನು ಯಾರಿಗೂ ಬರೆದುಕೊಡಬೇಡ" ಎಂದೆ. "ಗೊತ್ತಿಲ್ಲದ್ದನ್ನು ಅಂತ ತಾನೇ ಮೇಡಂ?" ಎಂದು ತಿದ್ದಿದಳು. ಅಲ್ಲ. ಗೊತ್ತಿಲ್ಲದ್ದನ್ನು ಬರೆಯುವಾಗ ಕೈ ತಾನಾಗಿಯೇ ತಡೆಯುತ್ತದೆ. ಗೊತ್ತಿದ್ದದ್ದನ್ನು ಬರೆಯುವಾಗಲೇ ಕುತ್ತಿಗೆಗೆ ಬರುವುದು. ಅವಳು ಕಾಫಿ ಕುಡಿದು ಹೋದಳು. ನಂಬಿದಂತೆ ಕಾಣಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಜಯಮ್ಮ. ಮೂವತ್ತೊಂದು ವರ್ಷ ಪಾಠ ಮಾಡಿದೆ, ಮೊದಲು ಚಾಮರಾಜನಗರದಲ್ಲಿ, ಆಮೇಲೆ ಗುಂಡ್ಲುಪೇಟೆಯಲ್ಲಿ. ಬಡ್ತಿಯ ಕಥೆ ಕೇಳಬೇಡಿ. ಪ್ರಿನ್ಸಿಪಾಲರು ರಜೆ ಹಾಕಿದಾಗ ಹನ್ನೊಂದು ದಿನ ಅವರ ಕುರ್ಚಿಯಲ್ಲಿ ಕೂತಿದ್ದೆ. ಅದರಲ್ಲಿ ಎರಡು ಭಾನುವಾರ.

ಚಾಮರಾಜನಗರದಲ್ಲಿ ಮೊದಲ ದಿನ ಲ್ಯಾಬಿನ ಬೀರು ತೆಗೆದರೆ, ಗಾಜಿನ ಜಾಡಿಗಳಲ್ಲಿ ಫಾರ್ಮಲಿನ್ನು, ಅದರೊಳಗೆ ಬಿಳಿಚಿಕೊಂಡ ಪ್ರಾಣಿಗಳು. ಲೇಬಲ್‌ಗಳನ್ನೆಲ್ಲ ಜಿರಳೆ ತಿಂದಿತ್ತು. ಯಾರೋ ಪುಣ್ಯಾತ್ಮರು ಅಂದಾಜಿನ ಮೇಲೆ ಹೊಸ ಚೀಟಿ ಅಂಟಿಸಿದ್ದರು. ಅಷ್ಟಪದಿಯ ಮೇಲೆ "ಎರೆಹುಳು" ಎಂದಿತ್ತು. ಅದೇ ವರ್ಷ ತಪಾಸಣೆಗೆ ಮೇಲಧಿಕಾರಿಯೊಬ್ಬರು ಬಂದರು. ಜಾಡಿಗಳನ್ನು ಗಂಭೀರವಾಗಿ ನೋಡಿ, "ಇವಕ್ಕೆ ಏನು ಹಾಕ್ತೀರಿ?" ಎಂದರು. "ಫಾರ್ಮಲಿನ್ ಸಾರ್" ಎಂದೆ. "ದಿನಕ್ಕೆ ಎಷ್ಟು ಸಲ?" ಅಲ್ಲಿದ್ದ ಅಟೆಂಡರ್ ಕೈಕಟ್ಟಿಕೊಂಡು, "ವರ್ಷಕ್ಕೊಂದು ಸಲ ಸಾರ್, ಅವು ಜಾಸ್ತಿ ತಿನ್ನಲ್ಲ" ಎಂದ. ಪ್ರಾಣಿಗಳನ್ನು ಉತ್ತಮವಾಗಿ ನೋಡಿಕೊಳ್ಳಲಾಗಿದೆ ಎಂದು ಅವರು ವರದಿ ಬರೆದು ಹೋದರು. ನನ್ನ ಕೆಲಸದ ಬಗ್ಗೆ ಬಂದ ಒಳ್ಳೆಯ ವರದಿ ಅದೊಂದೇ.

ಆ ಕಾಲದಲ್ಲಿ ಕಪ್ಪೆ ಕೊಯ್ಯುತ್ತಿದ್ದೆವು. ಆಮೇಲೆ ಅದು ನಿಂತು ಪ್ಲಾಸ್ಟಿಕ್ ಕಪ್ಪೆ ಬಂತು, ಅದರ ಹೃದಯ ಎರಡೇ ವಾರಕ್ಕೆ ಕಳೆದುಹೋಯಿತು. ಈಗ ಮಕ್ಕಳು ಮೊಬೈಲಿನಲ್ಲಿ ಕೊಯ್ಯುತ್ತಾರೆ, ಕೈಗೆ ವಾಸನೆಯೂ ಬರುವುದಿಲ್ಲ. ಬದಲಾಗದೆ ಉಳಿದದ್ದು ಚಿಪ್ಪುಗಳ ಪಾಠ ಮಾತ್ರ. ಗುಂಡ್ಲುಪೇಟೆಯ ಕಾಲೇಜಿನಲ್ಲಿ ಒಂದು ಶಂಖವಿತ್ತು. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಸಮುದ್ರ ನೋಡಿದವರಲ್ಲ, ಆದರೆ ಶಂಖ ನೋಡದವರು ಒಬ್ಬರೂ ಇಲ್ಲ. ಹಾಗಾಗಿ ಆ ಪಾಠವೆಂದರೆ ನನಗೆ ಹುರುಪು. "ಇದರೊಳಗೆ ಇದ್ದದ್ದು ಒಂದು ಬಸವನಹುಳು. ಹೊಲದ ಬಸವನಹುಳುವಿನ ಹಾಗೆ ಸೊಪ್ಪು ಮೇಯುವಂಥದ್ದಲ್ಲ. ಬೇಟೆಗಾರ. ಸಮುದ್ರದ ಮರಳೊಳಗೆ ಅಡಗಿರುವ ಹುಳುಗಳನ್ನು ಹುಡುಕಿ, ಸೊಂಡಿಲು ಚಾಚಿ ತಿನ್ನುತ್ತದೆ. ಬದುಕಿದ್ದಾಗ ಹೀಗೆ ಬೆಳ್ಳಗೂ ಇರುವುದಿಲ್ಲ, ಮೈಮೇಲೆ ಕಂದು ಸಿಪ್ಪೆ ಇರುತ್ತದೆ" ಎನ್ನುತ್ತಿದ್ದೆ.

ಒಂದು ವರ್ಷ ಈ ಪಾಠವಾದ ಮಾರನೆಯ ದಿನವೇ ಹಂಗಳದಿಂದ ಒಬ್ಬ ಹುಡುಗಿಯ ಅಪ್ಪ ಬೈಕ್ ಹತ್ತಿ ಬಂದ. "ಮೇಡಂ, ದೇವ್ರ ಮನೇಲಿರ ಶಂಖ ಮಾಂಸ ತಿಂದದೆ ಅಂತ ನಮ್ ಹುಡ್ಗಿ ಅಂತಾಳೆ. ತೊಳ್ದು ಮಡೀಕಳದಾ, ಇಲ್ಲ ತೆಗ್ದು ಆಚೆಗೆ ಮಡಗದಾ?"

"ಯಾಕಪ್ಪ, ನಿಮ್ಮನೇಲಿ ಮಾಂಸ ತಿನ್ನೋರು ಯಾರೂ ಇಲ್ವಾ?" ಎಂದೆ.

"ಎಲ್ಲಾರೂ ತಿಂತೀವಿ ಮೇಡಂ. ಆದ್ರೆ ದೇವ್ರ ಮನೇಲಿ ಕೂತ್ಕಂಡು ಯಾರೂ ತಿನ್ನಲ್ಲ."

ಸತ್ತ ಮೇಲೆ ಬಿಟ್ಟಿದೆಯಪ್ಪ, ಈಗ ಏನೂ ತಿನ್ನುತ್ತಿಲ್ಲ ಎಂದೆ. ಸಮಾಧಾನವಾಗಿ ಹೋದ.

ಇಷ್ಟು ವಿದ್ವತ್ತು ಇದ್ದವಳು ನಾನು. ಈಗ ಕೇಳಿ, ನಿವೃತ್ತಿಗೆ ನಾಲ್ಕು ವರ್ಷ ಇರುವಾಗ ನಾನು ಮಾಡಿದ ಘನಕಾರ್ಯ.

ಒಂದು ಬೆಳಿಗ್ಗೆ ಕಾಲೇಜಿನ ಮುಂದೆ ಜೀಪು ನಿಂತಿತು. ಹೊಸದಾಗಿ ಸೇರಿದ ಒಬ್ಬ ಫಾರೆಸ್ಟ್ ಗಾರ್ಡ್ ಇಳಿದ. ಅವನ ಹಿಂದೆ ಅರವತ್ತರ ಆಸುಪಾಸಿನ ಒಬ್ಬ ಸಣಕಲು ಮನುಷ್ಯ, ಹಣೆಯ ಮೇಲೆ ನಾಮ, ಹೆಗಲಲ್ಲಿ ಖಾಲಿ ಜೋಳಿಗೆ. ಹೆಸರು ರಂಗದಾಸಯ್ಯ, ಭೀಮನಬೀಡಿನವರು, ಮನೆ ಮನೆಗೂ ಹೋಗಿ ಬೇಡುವ, ಸಾವಾದರೆ ಹೆಣದ ಮುಂದೆ ಶಂಖ ಊದುವ ದಾಸಯ್ಯ. ಜೋಳಿಗೆಯಲ್ಲಿದ್ದ ಶಂಖ ಗಾರ್ಡಿನ ಕೈಯಲ್ಲಿತ್ತು. ದಾಸಯ್ಯನವರು ಗೂಡಲೂರು ಕಡೆಯ ಮಗಳ ಮನೆಯಿಂದ ಬಸ್ಸಿನಲ್ಲಿ ಬರುತ್ತಿದ್ದಾಗ ಚೆಕ್‌ಪೋಸ್ಟಿನಲ್ಲಿ ಚೀಲ ತೆಗೆಸಿದ್ದಾರೆ. ತಿಂಗಳ ಹಿಂದಷ್ಟೇ ಈ ಗಾರ್ಡಿಗೆ ಯಾವುದೋ ತರಬೇತಿಯಲ್ಲಿ, ಸಾಗಿಸಬಾರದ ದೊಡ್ಡ ಶಂಖವೊಂದರ ಪಟ ತೋರಿಸಿದ್ದರಂತೆ. ಇವನಿಗೆ ಕಂಡ ಮೊದಲ ದೊಡ್ಡ ಶಂಖ ಇದು. ಹಿಡಿದುಬಿಟ್ಟ.

"ಅವ್ವಾ, ಇದು ನಮ್ಮಪ್ಪಂದು. ಅವರಪ್ಪಂದೂ ಇದೇಯ. ಕಾಡ್ನಾಗೆ ಸಿಕ್ಕಿದ್ದಲ್ಲ ಕಣವ್ವ" ಎಂದರು ದಾಸಯ್ಯ.

ನಮ್ಮ ಅಟೆಂಡರ್ ಮಾದಪ್ಪ ಬಾಗಿಲಿಗೆ ಒರಗಿ ನಿಂತಿದ್ದ. "ಬಂಡೀಪುರದ ಒಳ್ಗಡೆ ಸಮುದ್ರ ಎಲ್ಲದೆ ಸಾರ್, ನಾವೂ ನೋಡ್ಕೊಂಡ್ ಬರನ" ಎಂದ. ಗಾರ್ಡಿನ ಕಿವಿ ಕೆಂಪಾಯಿತು. "ಮೇಲಿನೋರು ಕಾಲೇಜಿಂದ ಬರೆಸ್ಕೊಂಡ್ ಬಾ ಅಂದವ್ರೆ ಮೇಡಂ."

ಗಾರ್ಡಿನ ಮೊಬೈಲಿನಲ್ಲಿದ್ದ ಪಟವನ್ನೂ ಶಂಖವನ್ನೂ ನೋಡಿದ ತಕ್ಷಣ ಗೊತ್ತಾಯಿತು. ಪಟದಲ್ಲಿದ್ದದ್ದು ಉದ್ದ ಕೊಂಬಿನಂಥ, ಕಂದು ಮಚ್ಚೆಯ ಬೇರೆ ಶಂಖ. ಅದೂ ಬೇಟೆಗಾರನೇ, ನಕ್ಷತ್ರಮೀನು ತಿನ್ನುವಂಥದ್ದು. ದಾಸಯ್ಯನದು ದಪ್ಪ ಹೊಟ್ಟೆಯ, ಬಿಳಿಯ, ನಮ್ಮ ಮಾಮೂಲಿ ಶಂಖ. ಆದರೂ ಮೇಷ್ಟ್ರ ಜಂಭ ಸುಮ್ಮನಿರುತ್ತದೆಯೇ? ಅದರ ಬಾಯೊಳಗೆ ಬೆರಳು ತೂರಿಸಿ, ನಡುಗಂಬದ ಮೇಲಿನ ಮಡಿಕೆಗಳನ್ನು ಎಣಿಸಿದೆ. ಗಾರ್ಡಿನ ಬೆರಳನ್ನೂ ತೂರಿಸಿದೆ. "ಸಿಕ್ತಾ, ಗೆರೆ ಗೆರೆ? ಮೂರೋ ನಾಲ್ಕೋ ಇರ್ತವೆ. ನಮ್ಮ ಶಂಖಕ್ಕೆ ಇದೇ ಗುರುತು." ಆಮೇಲೆ ಕಾಲೇಜಿನ ಕಾಗದ ತೆಗೆದು ಬರೆದೆ: ಇದು ಟರ್ಬಿನೆಲ್ಲ ಪೈರಮ್ ಎಂಬ ಮಾಂಸಾಹಾರಿ ಸಮುದ್ರ ಬಸವನಹುಳುವಿನ ಚಿಪ್ಪು, ಪಟದಲ್ಲಿರುವ ಪ್ರಭೇದವಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇಲ್ಲ. ಪೆನ್ನಿನಲ್ಲಿ ಇನ್ನೂ ಇಂಕಿತ್ತು. ಇನ್ನೊಂದು ಸಾಲು ಸೇರಿಸಿದೆ: "ಸುರುಳಿಯು ಬಲಮುರಿಯಾಗಿದೆ." ಸಹಿ, ದಿನಾಂಕ, ಕಾಲೇಜಿನ ಸೀಲು.

ಇದರಲ್ಲಿ ಸುಳ್ಳೇನೂ ಇಲ್ಲ. ಪ್ರಾಣಿಶಾಸ್ತ್ರದವರು ಚಿಪ್ಪನ್ನು ಸುರುಳಿಯ ತುದಿ, ಅಂದರೆ ಊದುವ ಕಡೆ, ಮೇಲೆ ಮಾಡಿ, ಬಾಯಿ ತಮ್ಮ ಕಡೆಗೆ ತಿರುಗಿಸಿ ಹಿಡಿಯುತ್ತಾರೆ. ಆಗ ಬಾಯಿ ಬಲಕ್ಕಿದ್ದರೆ ಬಲಮುರಿ. ಲೋಕದ ಹೆಚ್ಚುಕಮ್ಮಿ ಎಲ್ಲ ಶಂಖಗಳೂ ಹಾಗೇ. ಆದರೆ ಪೂಜೆ ಮಾಡುವವರು ಅದನ್ನು ತಲೆಕೆಳಗೆ ಹಿಡಿಯುತ್ತಾರೆ, ತುದಿ ಕೆಳಗೆ, ಬಾಲದಂಥ ಇನ್ನೊಂದು ಕೊನೆ ಮೇಲೆ. ಅವರಿಗೆ ಇದೇ ಶಂಖ ಎಡಮುರಿ. ಅವರು ಬಲಮುರಿ ಎನ್ನುವುದು ಲಕ್ಷಕ್ಕೊಂದು ಸಿಗುವ ಉಲ್ಟಾ ಶಂಖವನ್ನು, ಮನೆಯಲ್ಲಿದ್ದರೆ ಲಕ್ಷ್ಮಿ ಕಾಲು ಮುರಿದುಕೊಂಡು ಬಿದ್ದಿರುತ್ತಾಳೆ ಎಂದು ನಂಬುವಂಥದ್ದನ್ನು. ನಾನು ಬೇಗೂರಿನಲ್ಲಿ ಹುಟ್ಟಿ ಬೆಳೆದವಳು. ಇದು ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತೋ ಏನೋ, ಬರೆಯುವಾಗ ನಾನು ಬೇಗೂರಿನವಳಾಗಿರಲಿಲ್ಲ, ಟೆಕ್ಸ್ಟ್‌ಬುಕ್ಕಿನವಳಾಗಿದ್ದೆ.

ಗಾರ್ಡ್ ಕಾಗದದ ಫೋಟೋ ತೆಗೆದು ತನ್ನ ಮೇಲಿನವರಿಗೆ ಕಳಿಸಿದ. ಶಂಖ ದಾಸಯ್ಯನ ಜೋಳಿಗೆ ಸೇರಿತು. ಅವರು ನನಗೆ ಕೈಮುಗಿದು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು ಹೋದರು. ನನಗೆ ಇಡೀ ದಿನ ಹೆಮ್ಮೆ.

ಫೋಟೋ ಸುಮ್ಮನೆ ಕೂರಲಿಲ್ಲ. ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಹಾರಿ, ವಾರದೊಳಗೆ ನನ್ನ ಫೋನಿಗೇ ಬಂತು. ಕೆಳಗೆ ಯಾರೋ ಬರೆದಿದ್ದರು: "ನಮ್ಮ ತಾಲ್ಲೂಕಿನಲ್ಲಿ ಬಲಮುರಿ ಶಂಖ ಪತ್ತೆ, ವಿಜ್ಞಾನಿಯಿಂದ ದೃಢ." ವಿಜ್ಞಾನಿ ಎಂದು ಓದಿ ಮೊದಲು ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಎರಡನೇ ಸಲ ಓದಿದಾಗ ಬಲಮುರಿ ಎಂಬ ಮಾತು ಕಣ್ಣಿಗೆ ಬಿತ್ತು. ಸ್ಟಾಫ್ ರೂಮಿನ ಟೇಬಲ್ಲಿನ ಮೇಲಿದ್ದ ಚಾಕ್‌ಪೀಸ್ ಡಬ್ಬಿಯನ್ನೇ ಶಂಖ ಎಂದುಕೊಂಡು ಮೇಲೆ ಕೆಳಗೆ ತಿರುಗಿಸಿ ನೋಡಿದೆ. ಎಂಥ ಕತ್ತೆ ಕೆಲಸ ಮಾಡಿದೆನೆಂದು ಆಗ ಗೊತ್ತಾಯಿತು.

ಮೂರು ವಾರ ಕಳೆದ ಮೇಲೆ ರಂಗದಾಸಯ್ಯ ಕಾಲೇಜಿಗೆ ಬಂದರು. ಕೈಯಲ್ಲಿ ಜಾಗಟೆ ಮಾತ್ರ ಇತ್ತು.

"ನನ್ ಸಂಕ ಈಸ್ಕೊಡಿ ಕಣವ್ವ" ಎಂದು ಲ್ಯಾಬಿನ ಹೊಸಿಲ ಮೇಲೆ ಕೂತುಬಿಟ್ಟರು.

ಕಾಗದದ ಸುದ್ದಿ ಹರಡಿದ ಮೇಲೆ ಅವರ ಶೀಟಿನ ಮನೆ ಮುಂದೆ ಕಾರುಗಳು ನಿಲ್ಲತೊಡಗಿದವಂತೆ. ಮುಟ್ಟಿ ನೋಡುವವರು, ಸೆಲ್ಫಿ ತೆಗೆಯುವವರು, ಬೆಲೆ ಕೇಳುವವರು. ಆಗ ಅವರು ಕೂಲಿಗೆ ಹೋಗುತ್ತಿದ್ದ ಅರಿಶಿನದ ಹೊಲದ ಯಜಮಾನ ಶಿವಣ್ಣ ಬಂದು, "ನಿನ್ ಮನೇಗೆ ಚಿಲಕನೇ ಇಲ್ಲ ಕಣ್ಲಾ ದಾಸ. ಕಳ್ರು ಒಡ್ಕಂಡ್ ಓಯ್ತಾರೆ. ನಮ್ಮನೇಲಿರ್ಲಿ" ಎಂದು ಶಂಖವನ್ನು ತೆಗೆದುಕೊಂಡು ಹೋಗಿದ್ದ. ದಾಸಯ್ಯನಿಗೆ ವರ್ಷದಲ್ಲಿ ಆರು ತಿಂಗಳು ಅವನ ಹೊಲದಲ್ಲೇ ಕೆಲಸ. ಬೇಡ ಎನ್ನುವುದೆಲ್ಲಿ ಬಂತು.

"ಕೇಳಕ್ಕೆ ಹೋದ್ರೆ, ಇದು ಊದ ಸಂಕ ಅಲ್ಲ, ಪೂಜೆ ಸಂಕ, ಮೇಡಂ ಬರ್ದವ್ರೆ ಅಂತರೆ. ಮೊನ್ನೆ ನಮ್ ಬೀದೀಲಿ ನಿಂಗಮ್ಮ ತೀರ್ಕಂಡ್ಲು. ನಾನ್ ಚಿಕ್ಕೋನಾಗಿದ್ದಾಗ ಎತ್ತಾಡ್ಸಿದ್ಲು. ಅವಳ ಮುಂದೆ ಬರೀ ಜಾಗಟೆ ಬಡ್ಕಂಡು ಹೋದೆ ಕಣವ್ವ. ಎಲ್ರೂ ತಿರ್ಗಿ ತಿರ್ಗಿ ನನ್ ಮಕ ನೋಡವ್ರು."

"ಬೇರೆ ಶಂಖ ನಾನೇ ತರಿಸಿಕೊಡ್ತೀನಿ" ಎಂದೆ.

"ತುಟಿಗೆ ಕೂರಕ್ಕಿಲ್ಲ ಕಣವ್ವ. ನಮ್ಮಪ್ಪನ ತುಟೀಲೇ ಅದು ಸವ್ದಿರಾದು."

ನಾನು ಜೀವಮಾನದಲ್ಲಿ ಎಷ್ಟೋ ತಪ್ಪು ಪಾಠ ಮಾಡಿದ್ದೇನೆ. ಮಕ್ಕಳು ಪರೀಕ್ಷೆಯಲ್ಲಿ ಒಂದೆರಡು ಅಂಕ ಕಳೆದುಕೊಂಡಿರಬಹುದು. ಒಂದು ಸಾವಿನ ಮನೆಯ ಮುಂದೆ ಒಬ್ಬ ಮನುಷ್ಯ ತಲೆ ತಗ್ಗಿಸುವಂತೆ ಮಾಡಿದ್ದು ಅದೇ ಮೊದಲು.

ಪ್ರಿನ್ಸಿಪಾಲರ ಹತ್ತಿರ ಹೋಗಿ, ತಿದ್ದಿದ ಕಾಗದ ಕೊಡಬೇಕು, ಸೀಲು ಬೇಕು ಎಂದೆ. ಅವರು ವಾಣಿಜ್ಯಶಾಸ್ತ್ರದವರು. "ಕಾಲೇಜು ಕೊಟ್ಟ ಕಾಗದ ತಪ್ಪು ಅಂತ ಕಾಲೇಜೇ ಬರೆದುಕೊಡೋದಾ? ನಾಳೆ ಮಾರ್ಕ್ಸ್ ಕಾರ್ಡೂ ತಪ್ಪು ಅಂತಾರೆ. ಅಲ್ಲದೆ ಮೇಡಂ, ಬಲಮುರಿ ಸಿಕ್ಕಿರೋದು ಕಾಲೇಜಿಗೂ ಒಳ್ಳೆ ಹೆಸರು" ಎಂದು ಸೀಲನ್ನು ಡ್ರಾಯರಿನೊಳಗೆ ಹಾಕಿದರು. ಸೀಲಿಲ್ಲದೆಯೇ ಬರೆದುಕೊಂಡು ಶಿವಣ್ಣನ ಮನೆಗೆ ಹೋದೆ. ಒಳ್ಳೆಯ ಕಾಫಿ ಕೊಟ್ಟ. ಕಾಗದ ಓದಿದ. ಆಮೇಲೆ ದನಿ ಇಳಿಸಿ, "ಯಾರಾರ ಎದರ್ಸಿದ್ರಾ ಮೇಡಂ? ಹೇಳಿ, ನಾವ್ ನೋಡ್ಕತೀವಿ" ಎಂದ. ಒಮ್ಮೆ ವಿಜ್ಞಾನಿಯಾದ ಮೇಲೆ ಬಿಟ್ಟು ಬರುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು.

ಬೆಪ್ಪಾಗಿ ವಾಪಸು ಬಂದವಳಿಗೆ ಮಾದಪ್ಪ ಹೇಳಿದ: "ನಿಮ್ ಮಾತ್ ಯಾಕ್ ಕೇಳಾನು ಮೇಡಂ? ಕೊಂಡ್ಕೊಳಕ್ ಬರೋನ್ ಮಾತಾದ್ರೆ ಕೇಳ್ತಾನೆ. ಭಾನುವಾರ ಬತ್ತೇರಿ ಕಡೆಯಿಂದ ಪಾರ್ಟಿ ಬತ್ತದಂತೆ. ನಡೀರಿ, ನಾವೂ ಓಗನ."

ಭಾನುವಾರ ನಾನು, ಮಾದಪ್ಪ, ದಾಸಯ್ಯ ಮೂವರೂ ಹೋದೆವು. ಜಗಲಿಯ ತುಂಬ ಜನ. ಒಳಗಿನಿಂದ ಶಂಖ ಬೆಳ್ಳಿ ತಟ್ಟೆಯಲ್ಲಿ ಬಂತು. ನೋಡಿ ದಾಸಯ್ಯ ಉಸಿರೆಳೆದುಕೊಂಡರು. ಊದುವ ತೂತು ಇದ್ದರೆ ಪೂಜೆಗೆ ಬಾರದು ಎಂದು ಶಿವಣ್ಣ ಅಕ್ಕಸಾಲಿಯ ಹತ್ತಿರ ತುದಿಗೆ ಅರಗು ತುಂಬಿಸಿ, ಮೇಲೆ ಬೆಳ್ಳಿಯ ಟೊಪ್ಪಿಗೆ ಕೂರಿಸಿದ್ದ.

ಬತ್ತೇರಿಯಿಂದ ಕೊಳ್ಳಲು ಬಂದ ಕೇರಳದವರು ಇಬ್ಬರು. ಹಿರಿಯರು ಶಂಖವನ್ನು ಕೈಗೆತ್ತಿಕೊಳ್ಳುವ ಮೊದಲೇ ನಾನು ಎದ್ದು ನಿಂತೆ. ಶಂಖ ತೆಗೆದುಕೊಂಡು ಎಲ್ಲರಿಗೂ ಕಾಣುವಂತೆ ಹಿಡಿದೆ. "ನಮ್ಮ ಪುಸ್ತಕದೋರು ಹಿಡಿಯೋದು ಹೀಗೆ, ತುದಿ ಮೇಲೆ. ಬಾಯಿ ಬಲಕ್ಕೆ ಬಂತು. ಅದಕ್ಕೇ ಬಲಮುರಿ ಅಂತ ಬರೆದೆ. ನೀವು ದೇವರ ಮುಂದೆ ಹಿಡಿಯೋದು ಹೀಗೆ." ತಿರುಗಿಸಿದೆ. "ಈಗ ಬಾಯಿ ಎಲ್ಲಿದೆ ನೋಡಿ. ಎಡಕ್ಕೆ. ಇದು ಎಲ್ಲಾ ಅಂಗಡೀಲೂ ಸಿಗೋ ಶಂಖ. ತಪ್ಪು ನನ್ನದು."

ಬಂದಿದ್ದ ಹಿರಿಯರು ಶಂಖ ಇಸಿದುಕೊಂಡು ಒಂದೇ ಸಲ ತಿರುಗಿಸಿದರು. ಅಷ್ಟೇ. "ಟೀಚರ್ ಹೇಳಿದ್ದು ಸರಿ. ಇದು ಇಡಂಪಿರಿ, ನಿಮ್ಮ ಎಡಮುರಿ" ಎಂದು ತಮ್ಮ ಕನ್ನಡದಲ್ಲಿ ಹೇಳಿ, ಜೊತೆಗಾರನ ಕಡೆ ನೋಡಿ ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ಇಷ್ಟು ದೂರ ಡೀಸೆಲ್ ಸುಟ್ಟುಕೊಂಡು ಬಂದದ್ದು ಒಬ್ಬ ಟೀಚರಮ್ಮ ಶಂಖ ಉಲ್ಟಾ ಹಿಡಿದದ್ದಕ್ಕೆ ಎಂದು ಅವರಿಗೆ ಆ ನಗು ನಿಲ್ಲಲೇ ಇಲ್ಲ. ಆಮೇಲೆ ಜಗಲಿಯ ಜನವೂ ನಗತೊಡಗಿದರು. ನನ್ನನ್ನು ನೋಡಿಯೇ. ನಾನೂ ನಕ್ಕೆ, ಇನ್ನೇನು ಮಾಡಲಿ.

ಶಿವಣ್ಣ ಮಾತ್ರ ನಗಲಿಲ್ಲ. ಒಳಗೆ ಹೋಗಿ ಇಕ್ಕಳ ತಂದು, ಬೆಳ್ಳಿಯ ಟೊಪ್ಪಿಗೆಯನ್ನು ಜೋಪಾನವಾಗಿ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡ. ಅರಗನ್ನು ಹಾಗೇ ಬಿಟ್ಟ. ಶಂಖವನ್ನು ದಾಸಯ್ಯನ ಮಡಿಲಿಗೆ ಎಸೆದು, "ತಕಂಡ್ ಓಗ್ಲಾ ನಿನ್ ಹುಳದ ಚಿಪ್ಪ" ಎಂದ.

ದಾಸಯ್ಯ ಹೊರಗೆ ಬಂದು, ಬೇಲಿಯ ಪಕ್ಕ ನಿಂತು ತುಟಿಗಿಟ್ಟು ಊದಿದರು. ಕೆನ್ನೆ ಉಬ್ಬಿತು, ಕಣ್ಣು ಕೆಂಪಾದವು, ಸದ್ದಿಲ್ಲ. ಇನ್ನೊಂದು ಸಲ ಊದಿದರು. ಆಮೇಲೆ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಬೆವರೋ ಏನೋ, ನಾನು ನೋಡಲಿಲ್ಲ.

"ಕಬ್ಬಿಣದ ಕಡ್ಡಿ ಕಾಯ್ಸಿ ಚುಚ್ಚನ" ಎಂದ ಮಾದಪ್ಪ.

"ಬೇಡ, ತುದಿ ಸೀಳಿಹೋಗುತ್ತೆ. ನಾಳೆ ಲ್ಯಾಬಿಗೆ ಬನ್ನಿ" ಎಂದೆ.

ನನ್ನ ವಿದ್ಯೆಯಿಂದ ಒಬ್ಬರಿಗೆ ನೇರವಾಗಿ ಉಪಯೋಗವಾದದ್ದು ಮಾರನೆಯ ದಿನ, ಎರಡನೇ ಪೀರಿಯಡ್ಡಿನಲ್ಲಿ. ಅರಗು ನೀರಿಗೆ ಜಗ್ಗುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ. ಬೀಕರಿನಲ್ಲಿ ಸ್ಪಿರಿಟ್ ಹಾಕಿ, ಶಂಖದ ತುದಿಯನ್ನು ಅದರೊಳಗೆ ಅದ್ದಿ ನಿಲ್ಲಿಸಿದೆ. ದಾಸಯ್ಯ ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದರು, ಆಪರೇಷನ್‌ಗೆ ಮಗುವನ್ನು ಕೊಟ್ಟ ಹಾಗೆ. ಮೆತ್ತಗಾದಷ್ಟನ್ನು ನಾನು ಕಪ್ಪೆ ಕೊಯ್ಯುತ್ತಿದ್ದ ಹಳೆಯ ಸೂಜಿಯಿಂದ ಕೆದಕುವುದು, ಮತ್ತೆ ಅದ್ದುವುದು.

ಸುಮ್ಮನೆ ಕೂರಲಾರದೆ ದಾಸಯ್ಯ ಕೇಳಿದರು: "ಇದ್ರಾಗೆ ಇದ್ದುದ್ದು ಏನ್ ತಿಂತಿತ್ತವ್ವಾ?"

ಒಮ್ಮೆ ಹೇಳಿ ಅನುಭವಿಸಿದ್ದೆನಲ್ಲ, ಹಿಂಜರಿದೆ. ಆಮೇಲೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೇಟೆ, ಸೊಂಡಿಲು, ಮರಳೊಳಗಿನ ಹುಳು.

ಅವರು ಬೀಕರಿನ ಕಡೆ ಬಾಗಿದರು. "ಅಂಗಾರೆ ಅದ್ಕೂ ಹೊಟ್ಟೆಪಾಡೇ. ನಾನೂ ಮನೆ ಮನೆ ಹುಡುಕ್ಕಂಡ್ ತಿರುಗ್ತೀನಿ, ಅದೂ ಮರಳೆಲ್ಲ ಹುಡುಕ್ಕಂಡ್ ತಿರುಗ್ತಿತ್ತು" ಎಂದರು.

ಮೂವತ್ತೊಂದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಆ ಪಾಠಕ್ಕೆ ಅಷ್ಟು ಒಳ್ಳೆಯ ಉತ್ತರ ಕೊಟ್ಟಿಲ್ಲ.

ನಾಲ್ಕನೇ ಪೀರಿಯಡ್ಡಿನ ನಡುವೆ ಅರಗಿನ ಕೊನೆಯ ಚೂರು ಹೊರಗೆ ಬಂತು. ನಲ್ಲಿ ಕೆಳಗೆ ತೊಳೆದು ಕೊಟ್ಟೆ. "ಇಲ್ಲೇ ಊದ್ಲಾ?" ಎಂದರು. "ಊದಿ" ಎಂದೆ. ಊದಿದರು.

ಲ್ಯಾಬಿನ ಕಿಟಕಿ ಗಾಜುಗಳು ಅದುರಿದವು. ಮೊದಲು ಸಣ್ಣಗೆ ಎದ್ದು, ದಪ್ಪವಾಗಿ, ಉಸಿರು ಮುಗಿಯುವವರೆಗೂ ಕಾಲೇಜಿನ ತುಂಬ ಹರಿಯಿತು. ಪಕ್ಕದ ಕ್ಲಾಸಿನ ಮಕ್ಕಳು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಗೆ ಬಂದರು. ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ಓಡಿ ಬಂದು, "ಯಾರು, ಯಾರು ಹೋದದ್ದು?" ಎಂದು ಕೇಳಿದರು. "ಯಾರೂ ಹೋಗಿಲ್ಲ ಸಾರ್, ವಾಪಸ್ ಬಂದದೆ" ಎಂದ ಮಾದಪ್ಪ.

ದಾಸಯ್ಯ ಹೊರಡಲು ಎದ್ದರು. ಹಿಂದಿನ ಸಂಜೆಯೇ ಕೂತು ಬರೆದಿಟ್ಟಿದ್ದ ಹೊಸ ಕಾಗದವನ್ನು ಅವರ ಕೈಗಿಟ್ಟೆ. ಎರಡು ಪುಟ. ಹೇಗೆ ಹಿಡಿದರೆ ಎಡಮುರಿ, ಹೇಗೆ ಹಿಡಿದರೆ ಬಲಮುರಿ, ಬಾಣದ ಗುರುತು ಹಾಕಿ ಚಿತ್ರವನ್ನೂ ಬರೆದಿದ್ದೆ. ಎಲ್ಲ ಸರಿಯಾಗಿತ್ತು.

ದಾಸಯ್ಯ ಅದನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಮೆಲ್ಲಗೆ ಬೀಕರಿನ ಪಕ್ಕ ಇಟ್ಟರು.

"ಇದು ನಿಮ್ತಾವೇ ಇರ್ಲಿ ಕಣವ್ವ" ಎಂದರು. "ನಂಗೆ ಊದಕ್ ಬತ್ತದೆ, ಸಾಕು."